ಈ ಅಂಕಿಗಳನ್ನು ಕೂಡಿದರೆ ಅರ್ಥ ಇದೆಯಾ?

ಡೇಟಾ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಕೈಗೆ ಬಂದದ್ದು ಒಂದು ಗ್ರಾಹಕರ ಸಮೀಕ್ಷೆಯ ಫೈಲು. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರ ಉತ್ತರ. ಶಾಖೆಯ ಕೋಡ್, ವಯಸ್ಸು, ಎಷ್ಟು ನಿಮಿಷ ಕಾದರು, ಸೇವೆಗೆ 1ರಿಂದ 5ರವರೆಗೆ ಎಷ್ಟು ಅಂಕ ಕೊಟ್ಟರು, ಹೀಗೆ ಕಾಲಂಗಳು. ನೋಡಿದರೆ ಎಲ್ಲವೂ ಅಂಕಿಗಳೇ. ಎಲ್ಲಾ ಕಾಲಂಗಳಿಗೂ ಒಟ್ಟಿಗೆ ಸರಾಸರಿ ತೆಗೆದೆ. ಸಾಫ್ಟ್‌ವೇರ್ ಯಾವುದಕ್ಕೂ ಆಗಲ್ಲ ಅನ್ನಲಿಲ್ಲ. ಶಾಖೆಯ ಕೋಡ್‌ಗೂ ಒಂದು ಸರಾಸರಿ ಬಂತು, ಅದನ್ನೂ ವರದಿಯಲ್ಲಿ ಬರೆದೆ.

ಹಿರಿಯ ಸಹೋದ್ಯೋಗಿಯೊಬ್ಬರು ವರದಿ ಓದಿ ಒಂದೇ ಪ್ರಶ್ನೆ ಕೇಳಿದರು. "1ನೇ ಶಾಖೆಗೆ 3ನೇ ಶಾಖೆ ಕೂಡಿದರೆ 4ನೇ ಶಾಖೆ ಆಗುತ್ತಾ?"

ಆಗಲ್ಲ, ಅಲ್ವಾ? ಆ 1, 2, 3 ಬರೀ ಹೆಸರಿನ ಬದಲು ಅಂಟಿಸಿದ ಚೀಟಿಗಳು. ಅ, ಆ, ಇ ಎಂದು ಬರೆದಿದ್ದರೂ ನಡೆಯುತ್ತಿತ್ತು. ಅಂದಿನಿಂದ ಯಾವ ಫೈಲು ಬಂದರೂ ಲೆಕ್ಕಕ್ಕೆ ಕೈ ಹಾಕುವ ಮುಂಚೆ ಪ್ರತಿ ಕಾಲಂಗೂ ಇದೇ ಪ್ರಶ್ನೆ ಕೇಳುತ್ತೇನೆ: ಈ ಅಂಕಿಗಳನ್ನು ಕೂಡಿದರೆ ಅರ್ಥ ಇದೆಯಾ?

ಈ ಪ್ರಶ್ನೆಗೆ ಒಂದು ಒಳ್ಳೆ ಚೌಕಟ್ಟು ಮೊದಲೇ ಇತ್ತು ಅಂತ ಆಮೇಲೆ ಓದಿ ತಿಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನವೊಂದರಲ್ಲಿ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಹೆಸರು ಮಾತ್ರ ಹೇಳುವುದು ನಾಮಿನಲ್. ಶಾಖೆಯ ಕೋಡ್ ಈ ಗುಂಪಿನದು. ಯಾವುದು ಮೇಲೆ, ಯಾವುದು ಕೆಳಗೆ ಅಂತಲೂ ಹೇಳುವುದು ಆರ್ಡಿನಲ್. ಸೇವೆಗೆ ಕೊಟ್ಟ ಅಂಕ ಇಲ್ಲಿಗೆ ಸೇರುತ್ತದೆ. ಉಳಿದ ಎರಡು ಇಂಟರ್ವಲ್ ಮತ್ತು ರೇಶಿಯೋ. ಇವೆರಡರ ನಡುವಿನ ಗೆರೆ ನನಗೆ ಬಹಳ ದಿನ ಹಿಡಿತಕ್ಕೆ ಸಿಗಲಿಲ್ಲ.

ಕೊನೆಗೆ ತಿಳಿಸಿಕೊಟ್ಟದ್ದು ಉಷ್ಣಾಂಶ. ಒಂದು ದಿನ 10 ಡಿಗ್ರಿ ಸೆಲ್ಸಿಯಸ್, ಇನ್ನೊಂದು ದಿನ 20. ಎರಡರಷ್ಟು ಬಿಸಿ ಅನ್ನಬಹುದಾ? ಅದೇ ಎರಡು ದಿನಗಳನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದರೆ 50 ಮತ್ತು 68. ಎರಡರಷ್ಟು ಅನ್ನೋದು ಎಲ್ಲಿ ಹೋಯಿತು? ಸೆಲ್ಸಿಯಸ್‌ನ ಸೊನ್ನೆ ಅಂದರೆ ಶಾಖವೇ ಇಲ್ಲ ಅಂತಲ್ಲ. ಅದು ನೀರು ಹೆಪ್ಪುಗಟ್ಟುವ ಕಡೆ ನಾವು ಇಟ್ಟುಕೊಂಡ ಗುರುತು. ಹಾಗಾಗಿ ಎಷ್ಟು ಡಿಗ್ರಿ ಹೆಚ್ಚು ಅನ್ನಬಹುದು, ಎಷ್ಟು ಪಟ್ಟು ಅನ್ನುವಂತಿಲ್ಲ. ಇದು ಇಂಟರ್ವಲ್. ಕಾದ ನಿಮಿಷಗಳ ವಿಷಯ ಬೇರೆ. ಅಲ್ಲಿ ಸೊನ್ನೆ ಅಂದರೆ ಕಾದೇ ಇಲ್ಲ. 20 ನಿಮಿಷ ಕಾದವರು 10 ನಿಮಿಷ ಕಾದವರ ಎರಡರಷ್ಟು ಕಾದಿದ್ದಾರೆ, ಸೆಕೆಂಡುಗಳಲ್ಲಿ ಬರೆದರೂ ಎರಡರಷ್ಟೇ. ಇದು ರೇಶಿಯೋ.

ಎಣಿಸಿ ಪಡೆಯುವ ಅಂಕಿ, ಅಳೆದು ಪಡೆಯುವ ಅಂಕಿ ಅನ್ನುವ ಇನ್ನೊಂದು ಭೇದವೂ ಇದೆ. ಮನೆಯಲ್ಲಿ ಎಷ್ಟು ಜನ ಅನ್ನುವುದಕ್ಕೆ ಮೂರೂವರೆ ಅಂತ ಉತ್ತರ ಬರಲ್ಲ, ಎತ್ತರಕ್ಕಾದರೆ ಎರಡು ಅಂಕಿಗಳ ನಡುವೆ ಯಾವ ಬೆಲೆಯೂ ಬರಬಹುದು. ಇದು ಬೇಗ ಅರ್ಥವಾಗುತ್ತದೆ.

ಬಗೆ ಗೊತ್ತಾದ ಮೇಲೂ ವಯಸ್ಸಿನ ಕಾಲಂನಲ್ಲಿ ಎಡವಿದೆ. ವಯಸ್ಸು ರೇಶಿಯೋ, ಸರಾಸರಿ ತೆಗೆಯಬಹುದು, ಸರಿ. ಆದರೆ ಬಂದ ಉತ್ತರ ತೀರಾ ಜಾಸ್ತಿ ಇತ್ತು. ಹುಡುಕಿದಾಗ ಕಂಡದ್ದು, ವಯಸ್ಸು ಹೇಳದವರ ಜಾಗದಲ್ಲಿ 99 ಎಂದು ತುಂಬಿದ್ದರು. ಇದು ಎಷ್ಟು ಕೆಡಿಸುತ್ತದೆ ನೋಡಿ. 30, 34, 38, 99, 99 ಇವುಗಳ ಸರಾಸರಿ 60. ಆ ಎರಡು 99 ತೆಗೆದರೆ 34. ಒಂದೇ ಕಾಲಂ ಒಳಗೆ ವಯಸ್ಸೂ ಇತ್ತು, 'ಉತ್ತರ ಇಲ್ಲ' ಅನ್ನುವ ಚೀಟಿಯೂ ಇತ್ತು. ಈಗ ಪ್ರತಿ ಕಾಲಂನ ಅತಿ ಚಿಕ್ಕ ಮತ್ತು ಅತಿ ದೊಡ್ಡ ಅಂಕಿ ನೋಡದೆ ನಾನು ಮುಂದೆ ಹೋಗುವುದೇ ಇಲ್ಲ.

ಕಾದ ನಿಮಿಷಗಳಲ್ಲಿ ತಪ್ಪು ಅಂಕಿ ಇರಲಿಲ್ಲ, ಆದರೂ ಸರಾಸರಿ ದಾರಿ ತಪ್ಪಿಸಿತು. 4, 5, 6, 7, 58 ಅಂತ ಐದು ಜನ ಕಾದರು ಅನ್ನಿ. ಸರಾಸರಿ 16. ಆದರೆ 16 ನಿಮಿಷದ ಹತ್ತಿರ ಯಾರೂ ಕಾದಿಲ್ಲ. ಏರಿಕೆ ಕ್ರಮದಲ್ಲಿಟ್ಟು ನಡುವಿನದನ್ನು ತೆಗೆದುಕೊಂಡರೆ ಮಧ್ಯಾಂಕ 6. ಕಾಯುವ ಹೊತ್ತು, ಆದಾಯ, ಇಂಥ ಕಡೆ ಕೆಲವೇ ದೊಡ್ಡ ಅಂಕಿಗಳು ಸರಾಸರಿಯನ್ನು ಎಳೆದುಬಿಡುತ್ತವೆ. ಹಾಗಂತ 58ನ್ನು ಅಳಿಸಬಾರದು. ಅಷ್ಟು ಹೊತ್ತು ಕಾದವರು ನಿಜವಾದ ಮನುಷ್ಯರು. ನಾನು ಮಧ್ಯಾಂಕ ಕೊಟ್ಟು, ಪಕ್ಕದಲ್ಲೇ ಅತಿ ಹೆಚ್ಚು ಕಾದದ್ದು ಎಷ್ಟು ಅಂತಲೂ ಬರೆಯುತ್ತೇನೆ.

ಇನ್ನೊಂದು ವಿಷಯ ಫೈಲಿನ ಒಳಗೆ ಕಾಣುವುದೇ ಇಲ್ಲ: ಉತ್ತರ ಕೊಟ್ಟವರು ಯಾರು? 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ 'ಲಿಟರರಿ ಡೈಜೆಸ್ಟ್' ಪತ್ರಿಕೆ ಯಾರಿಗೆ ಮತ ಹಾಕುತ್ತೀರಿ ಅಂತ ಅಂಚೆಯಲ್ಲಿ ಕೇಳಿದ್ದಕ್ಕೆ ಸುಮಾರು 24 ಲಕ್ಷ ಜನರ ಉತ್ತರ ಬಂದಿತ್ತು. ಅದನ್ನು ನಂಬಿ ಪತ್ರಿಕೆಯವರು ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಅಂದರು. ಆದರೆ ಅವರ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರ ಕಳಿಸಲು ಬಳಸಿದ ಪಟ್ಟಿಗಳಲ್ಲಿ ಫೋನು, ಕಾರು ಇದ್ದವರೇ ಹೆಚ್ಚು, ಸಾಲದ್ದಕ್ಕೆ ಬಹುಪಾಲು ಜನ ಉತ್ತರವನ್ನೇ ಕಳಿಸಿರಲಿಲ್ಲ. ಹಾಗಾಗಿ ನನ್ನ ವರದಿಯ ಮೊದಲ ಸಾಲನ್ನೇ ಬದಲಿಸಿದೆ. 'ನಮ್ಮ ಗ್ರಾಹಕರು' ಅಂತ ಇದ್ದದ್ದನ್ನು 'ಫಾರಂ ತುಂಬಿದ ಗ್ರಾಹಕರು' ಅಂತ ಬರೆದೆ.

ಕೊನೆಗೆ ಉಳಿದದ್ದು ಸೇವೆಗೆ ಕೊಟ್ಟ ಅಂಕ. 4ಕ್ಕೂ 5ಕ್ಕೂ ಇರುವ ಅಂತರ 1ಕ್ಕೂ 2ಕ್ಕೂ ಇರುವಷ್ಟೇ ಅಂತ ಯಾರೂ ಅಳೆದಿಲ್ಲ. ಹಾಗಾಗಿ ಇಂಥ ಅಂಕಗಳ ಸರಾಸರಿ ತೆಗೆಯಬಹುದಾ ಅನ್ನುವ ವಾದ ಈಗಲೂ ನಡೆದಿದೆ. ತೆಗೆಯಲೇಬಾರದು ಅಂತ ನಾನು ಹೇಳಲ್ಲ, ಆದರೆ ಅದೊಂದನ್ನೇ ಕೊಡಬಾರದು. ಹತ್ತೂ ಜನ 3 ಕೊಟ್ಟರೂ ಸರಾಸರಿ 3, ಐದು ಜನ 1, ಐದು ಜನ 5 ಕೊಟ್ಟರೂ 3.

ನನ್ನ ಫೈಲಿನಲ್ಲಿ ಸರಾಸರಿ 3ರ ಆಸುಪಾಸಿನಲ್ಲಿತ್ತು. ಸೇವೆ ಸಾಧಾರಣ ಅಂತ ಮೊದಲು ಬರೆದಿದ್ದೆ. ಈ ಸಲ ಯಾವ ಅಂಕವನ್ನು ಎಷ್ಟು ಜನ ಕೊಟ್ಟರು ಅಂತ ಎಣಿಸಿ ಕಂಬಗಳ ಚಿತ್ರ ಬರೆದೆ. ಎರಡು ತುದಿಗಳಲ್ಲಿ ಎತ್ತರದ ಕಂಬಗಳು, ನಡುವೆ ತಗ್ಗು. ಆಮೇಲೆ ಸರಾಸರಿಗೆ ಬಾರದ ಆ ಶಾಖೆಯ ಕೋಡ್‌ನಿಂದ ಜನರನ್ನು ಗುಂಪು ಮಾಡಿ ಅದೇ ಚಿತ್ರವನ್ನು ಮತ್ತೆ ಬರೆದೆ. 1 ಕೊಟ್ಟವರಲ್ಲಿ ಹೆಚ್ಚಿನವರು ಒಂದೇ ಶಾಖೆಯವರು. ಕಾದ ನಿಮಿಷಗಳ ಮಧ್ಯಾಂಕ ಎಲ್ಲಕ್ಕಿಂತ ಜಾಸ್ತಿ ಇದ್ದದ್ದೂ ಅದೇ ಶಾಖೆಯಲ್ಲಿ.