ತರಗತಿಗೆ ಬಂದ ಔಷಧ ಚೀಟಿ: ಫಾರ್ಮಸಿ ಬೋಧಕನಾಗಿ ನನ್ನ ಅನುಭವ

ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ವಿದ್ಯಾರ್ಥಿಗಳು ಎರಡು ವರ್ಷಗಳ ಪಾಠ ಮುಗಿಸಿದ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆಯಬೇಕು. ಅದರಲ್ಲಿ 250 ಗಂಟೆಯಾದರೂ ವೈದ್ಯರ ಚೀಟಿ ನೋಡಿ ಔಷಧ ಕೊಡುವ ಕೆಲಸಕ್ಕೇ ಮೀಸಲಾಗಿರಬೇಕು. ನಿಯಮ ಒಳ್ಳೆಯದೇ. ಆದರೆ ಪಾಠವೆಲ್ಲ ಮೊದಲು, ಅನುಭವವೆಲ್ಲ ಆಮೇಲೆ ಎಂದಾದಾಗ, ಪರೀಕ್ಷೆಯಲ್ಲಿ ಸರಿಯಾಗಿ ಬರೆದ ವಿಷಯವೇ ಅಂಗಡಿಯ ಕೌಂಟರಿನಲ್ಲಿ ವಿದ್ಯಾರ್ಥಿಯ ನೆನಪಿಗೆ ಬಾರದೆ ಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆದ್ದರಿಂದ ಪಾಠ ನಡೆಯುತ್ತಿರುವಾಗಲೇ ಚೀಟಿಗಳನ್ನು ತರಗತಿಗೆ ತರಲಾರಂಭಿಸಿದೆ.

ಪರಿಚಯದ ಔಷಧ ಅಂಗಡಿಗಳವರು ರೋಗಿಯ ಹಾಗೂ ವೈದ್ಯರ ಹೆಸರು, ವಿಳಾಸಗಳನ್ನು ಮರೆಮಾಡಿ ಚೀಟಿಯ ನಕಲನ್ನು ಕೊಡುತ್ತಾರೆ. ಅಂಥ ಒಂದು ಚೀಟಿಯಲ್ಲಿ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆಯ ಮುಂದೆಯೂ ಕ್ಯಾಲ್ಸಿಯಂ ಮಾತ್ರೆಯ ಮುಂದೆಯೂ 1-0-0, ಅಂದರೆ ಬೆಳಿಗ್ಗೆ ಮಾತ್ರ ಒಂದು, ಎಂದೇ ಇತ್ತು. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಕ್ಸಿನ್ನಿಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ, ಎರಡರ ನಡುವೆ ನಾಲ್ಕು ಗಂಟೆಯಾದರೂ ಅಂತರವಿರಬೇಕು ಎಂಬುದನ್ನು ವಿದ್ಯಾರ್ಥಿಗಳೆಲ್ಲ ಓದಿದ್ದರು; ಆದರೂ ಚೀಟಿ ಕೈಗೆ ಬಂದಾಗ ಬಹುತೇಕರು ಮಾತ್ರೆಗಳನ್ನು ಎಣಿಸಿ ಕೊಡಲು ಸಿದ್ಧರಾದರು. ಬೆಳಗಿನ ತಿಂಡಿ ಎಷ್ಟು ಹೊತ್ತಿಗೆ, ಮಾತ್ರೆ ಯಾವಾಗ, ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋದರೆ ಸರಿಯೇ, ಬದಲಾವಣೆಗೆ ವೈದ್ಯರನ್ನು ಫೋನಿನಲ್ಲಿ ಹೇಗೆ ಕೇಳಬೇಕು ಎಂಬ ಚರ್ಚೆಯಲ್ಲೇ ಆ ತರಗತಿ ಮುಗಿಯಿತು. ಚೀಟಿಯನ್ನು ಫಾರ್ಮಸಿಸ್ಟ್ ತಾನಾಗಿ ತಿದ್ದುವಂತಿಲ್ಲ, ಆದರೆ ಸಂಶಯವಿದ್ದಾಗ ಸುಮ್ಮನಿರುವಂತೆಯೂ ಇಲ್ಲ ಎಂಬ ವೃತ್ತಿಧರ್ಮವನ್ನು ನಾನು ಬೇರೆ ಪಾಠವಾಗಿ ಹೇಳುವ ಅಗತ್ಯವೇ ಬೀಳಲಿಲ್ಲ.

ಇದರ ಜೊತೆಗೆ, ಪ್ರತಿ ಪಾಠದ ಕೊನೆಗೆ ಅಂಗಡಿಯಲ್ಲಿ ನೋಡಿಕೊಂಡು ಬರಬೇಕಾದ ಒಂದು ಪ್ರಶ್ನೆಯನ್ನು ಕೊಡುತ್ತೇನೆ. ವೈದ್ಯರ ಚೀಟಿಯಿದ್ದರಷ್ಟೇ ಮಾರಬಹುದಾದ, ಪ್ರತಿ ಮಾರಾಟವನ್ನೂ ಬರೆದಿಡಬೇಕಾದ ಶೆಡ್ಯೂಲ್ ಎಚ್1 ಔಷಧಗಳ ವಹಿಯಲ್ಲಿ ಏನೇನು ಬರೆಯುತ್ತಾರೆ, ಅದನ್ನು ಮೂರು ವರ್ಷ ಏಕೆ ಕಾಯ್ದಿಡಬೇಕು ಎಂಬಂಥವು ಸುಲಭದವು. ಕಷ್ಟದ್ದು ರೋಗಿಯೊಡನೆ ಮಾತನಾಡುವುದು. ಅಮಾಕ್ಸಿಸಿಲಿನ್ ಡ್ರೈ ಸಿರಪ್ ಒಯ್ಯುವ ತಾಯಿಗೆ, ಬಾಟಲಿಯನ್ನು ತಟ್ಟಿ ಪುಡಿಯನ್ನು ಸಡಿಲಿಸಬೇಕು, ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ಕುಲುಕಬೇಕು, ನೊರೆ ಇಳಿದ ಮೇಲೆ ಮಟ್ಟ ಕಡಿಮೆಯಾಗಿದ್ದರೆ ಮತ್ತೆ ಗುರುತಿನವರೆಗೆ ತುಂಬಬೇಕು, ಅಡುಗೆಮನೆಯ ಚಮಚದಲ್ಲಲ್ಲ, ಜೊತೆಗೆ ಬಂದ ಅಳತೆಯ ಮುಚ್ಚಳದಲ್ಲೇ ಕೊಡಬೇಕು ಎಂದು ಹೇಳಿಕೊಡುವುದು ಪುಸ್ತಕದ ಇಂಗ್ಲಿಷ್ ವಾಕ್ಯಗಳಿಂದ ಆಗುವ ಕೆಲಸವಲ್ಲ. ಮೊದಲು ತರಗತಿಯಲ್ಲಿ ಖಾಲಿ ಬಾಟಲಿ ಹಿಡಿದು ಮನೆಮಾತಿನಲ್ಲಿ ಅಭ್ಯಾಸ ಮಾಡಿಸುತ್ತೇನೆ. ಆಮೇಲೆ ಅಂಗಡಿಯಲ್ಲಿ, ನೋಂದಾಯಿತ ಫಾರ್ಮಸಿಸ್ಟರ ಎದುರಿನಲ್ಲಿ ವಿದ್ಯಾರ್ಥಿ ವಿವರಿಸುತ್ತಾನೆ. ವಿವರಿಸಿದ ಮೇಲೆ "ಮನೆಗೆ ಹೋಗಿ ಹೇಗೆ ಕಲಸುತ್ತೀರಿ, ಒಮ್ಮೆ ಹೇಳಿ" ಎಂದು ತಾಯಿಯನ್ನೇ ಕೇಳಬೇಕೆಂಬುದು ನನ್ನ ಕಡ್ಡಾಯ ನಿಯಮ. "ಅರ್ಥವಾಯಿತೇ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ.

ಜನಸಂದಣಿಯ ಹೊತ್ತಿನಲ್ಲಿ ಇದಕ್ಕೆಲ್ಲ ಪುರಸೊತ್ತಿಲ್ಲ ಎಂಬ ಅಂಗಡಿಯವರ ಮಾತು ನ್ಯಾಯವಾದದ್ದು. ಅದಕ್ಕಾಗಿ ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನದ ವೇಳೆಗೇ ವಿದ್ಯಾರ್ಥಿಗಳನ್ನು ಕಳಿಸುತ್ತೇನೆ, ಮತ್ತು ಲಾಗ್‌ಬುಕ್ಕಿನಲ್ಲಿ ಹಾಜರಿಯ ಸಹಿಯ ಪಕ್ಕದಲ್ಲಿ ಅಂದು ರೋಗಿ ಕೇಳಿದ, ತನಗೆ ಉತ್ತರ ತಿಳಿಯದ ಒಂದು ಪ್ರಶ್ನೆಯನ್ನು ಬರೆದು ತರಲು ಹೇಳುತ್ತೇನೆ. ಮರುದಿನದ ಫಾರ್ಮಕಾಲಜಿ (ಔಷಧಗಳು ದೇಹದಲ್ಲಿ ಕೆಲಸ ಮಾಡುವ ಬಗೆಯ) ಪಾಠ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.