ನಾಯಿಯ ಬಾಯಿ ವಾಸನೆ ಬರ್ತಿದ್ರೆ ಮೊದಲು ತುಟಿ ಎತ್ತಿ ನೋಡಿ

ನಾಯಿ ಅಂದ್ಮೇಲೆ ಬಾಯಿ ವಾಸನೆ ಬಂದೇ ಬರುತ್ತೆ ಅಂತ ನಾನೂ ಬಹಳ ವರ್ಷ ನಂಬಿದ್ದೆ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಮೊದಲು ಸಾಕಿದ್ದ ಪಾಮೇರಿಯನ್‌ಗೆ ಒಂಬತ್ತು ವರ್ಷ ಆದಾಗ ರೊಟ್ಟಿ ಚೂರನ್ನು ಬಾಯಿಗೆ ತಗೊಂಡು ಮತ್ತೆ ಕೆಳಗೆ ಬಿಡಲು ಶುರು ಮಾಡಿತು, ಹಸಿವಿಲ್ಲ ಅಂದುಕೊಂಡೆವು, ಆಮೇಲೆ ಕಣ್ಣಿನ ಕೆಳಗೆ ಊತ ಬಂತು, ಡಾಕ್ಟ್ರು ತುಟಿ ಎತ್ತಿ ತೋರಿಸಿದಾಗಲೇ ಗೊತ್ತಾಗಿದ್ದು ಮೇಲಿನ ದೊಡ್ಡ ಹಲ್ಲಿನ ಬೇರಲ್ಲಿ ಕೀವು ತುಂಬಿದೆ ಅಂತ. ಅಷ್ಟು ದಿನ ನೋವು ನುಂಗಿಕೊಂಡೇ ನಮ್ಮ ಮುಂದೆ ಬಾಲ ಅಲ್ಲಾಡಿಸುತ್ತಿತ್ತು. ನೆನೆಸಿಕೊಂಡರೆ ಈಗಲೂ ಕರುಳು ಚುರುಕ್ ಅನ್ನುತ್ತದೆ.

ಆಗುವುದಿಷ್ಟು. ಬೆಳೆದ ನಾಯಿಗೆ 42 ಹಲ್ಲು. ಅವುಗಳ ಮೇಲೆ ದಿನಾ ಲೋಳೆಯಂಥ ಪಾಚಿ ಕಟ್ಟುತ್ತದೆ. ಹಾಗೇ ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಕೆಲವೇ ದಿನಗಳಲ್ಲಿ ಕಂದು ಬಣ್ಣದ ಕಲ್ಲಾಗುತ್ತದೆ. ಪಾಚಿ ಉಜ್ಜಿದರೆ ಹೋಗುತ್ತದೆ, ಕಲ್ಲು ಹೋಗುವುದಿಲ್ಲ. ಅದಕ್ಕೇ ದಿನಾ ಉಜ್ಜಬೇಕು, ಆಗದಿದ್ದರೆ ದಿನ ಬಿಟ್ಟು ದಿನವಾದರೂ.

ಈಗಿರುವ ರಾಣಿ ಬೀದಿಯಿಂದ ತಂದ ಮರಿ. ಅವಳಿಗೆ ಬ್ರಶ್ ತೋರಿಸುವ ಮೊದಲು ಎರಡು ವಾರ ಬರೀ ತುಟಿ ಎತ್ತುವುದನ್ನೇ ಅಭ್ಯಾಸ ಮಾಡಿಸಿದೆ. ರಾತ್ರಿ ಊಟ ಆಗಿ ಮನೆ ಶಾಂತವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಗದ್ದ ಸವರಿ, ಒಂದು ಕ್ಷಣ ತುಟಿ ಎತ್ತಿ, ತಕ್ಷಣ ಬೇಯಿಸಿದ ಕೋಳಿಯ ಒಂದು ಚೂರು ಕೊಡುವುದು. ಆಮೇಲೆ ಹಳೇ ಕಾಟನ್ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿ, ನೀರಲ್ಲಿ ನೆನೆಸಿ, ಹಲ್ಲು ಒರೆಸಿದೆ. ಬ್ರಶ್ ಬಂದಿದ್ದು ಕೊನೆಗೆ. ಚಿಕ್ಕ ಮಕ್ಕಳ ಮೆತ್ತನೆ ಬ್ರಶ್ಶೇ ಸಾಕು. ಮುಖ ತಿರುಗಿಸಿದರೆ, ಗುರ್ ಅಂದರೆ ಅವತ್ತಿಗೆ ಅಲ್ಲಿಗೇ ಬಿಡಿ. ಇಬ್ಬರು ಸೇರಿ ಅದುಮಿ ಹಿಡಿದು ಉಜ್ಜಿದಿರೋ, ಮಾರನೇ ದಿನ ಬ್ರಶ್ ಕಂಡರೇ ಮಂಚದ ಕೆಳಗೆ ಹೋಗಿ ಕೂರುತ್ತದೆ.

ಬಾಯಿ ಪೂರ್ತಿ ತೆಗೆಸಬೇಕಿಲ್ಲ. ಬಾಯಿ ಮುಚ್ಚಿದ್ದಂತೆಯೇ ಕೆನ್ನೆಯ ಒಳಗೆ ಬ್ರಶ್ ಜಾರಿಸಿ ಹಲ್ಲಿನ ಹೊರಮೈ ಉಜ್ಜಿ. ಒಳಮೈಯಲ್ಲಿ ಪಾಚಿ ಕಡಿಮೆ, ನಾಲಿಗೆ ಆಡುತ್ತಲೇ ಇರುತ್ತದಲ್ವಾ. ಹಲ್ಲು ಮತ್ತು ಒಸಡು ಸೇರುವ ಗೆರೆಯ ಮೇಲೆ ಬ್ರಶ್ಶನ್ನು ಸ್ವಲ್ಪ ಓರೆಯಾಗಿ ಇಟ್ಟು ಮೆಲ್ಲಗೆ ಸುತ್ತಿಸಬೇಕು. ಸಮಯ ಸಿಗದ ದಿನ ಮೇಲಿನ ಹಿಂದಿನ ದೊಡ್ಡ ಹಲ್ಲುಗಳನ್ನಾದರೂ ಬಿಡಬೇಡಿ. ಅಲ್ಲೇ ಹತ್ತಿರ ಎಂಜಲು ಒಸರುವುದರಿಂದ ಕಲ್ಲು ಜಾಸ್ತಿ ಕಟ್ಟುವುದು ಅಲ್ಲಿಯೇ.

ನಮ್ಮ ಪೇಸ್ಟ್ ಮಾತ್ರ ಹಾಕಬೇಡಿ. ನಾಯಿಗೆ ಉಗಿಯಲು ಬರುವುದಿಲ್ಲ, ಎಲ್ಲಾ ನುಂಗುತ್ತದೆ. ಫ್ಲೋರೈಡ್ ಹೊಟ್ಟೆ ಕೆಡಿಸುತ್ತದೆ, ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆಂದು ಹಾಕುವ ಜೈಲಿಟಾಲ್ ಅಂತೂ ನಾಯಿಯ ಪ್ರಾಣಕ್ಕೇ ಅಪಾಯ. ಉಪ್ಪು, ಇದ್ದಿಲು ಕೂಡ ಬೇಡ. ನಾಯಿಗೆಂದೇ ಮಾಡಿದ ಪೇಸ್ಟ್ ಸಿಗುತ್ತದೆ, ಇಲ್ಲದಿದ್ದರೆ ಬರೀ ನೀರು ಸಾಕು.

ಭಾನುವಾರದ ಮಟನ್ ಮೂಳೆ ಹಾಕಿದರೆ ಹಲ್ಲು ಸ್ವಚ್ಛ ಆಗುತ್ತೆ ಅಂತ ನಮ್ಮ ಕಡೆ ಹೇಳುತ್ತಾರೆ. ಬೇಯಿಸಿದ ಮೂಳೆ ಚೂರಾಗಿ ಗಂಟಲು, ಕರುಳು ಚುಚ್ಚುತ್ತದೆ, ಗಟ್ಟಿ ಮೂಳೆ ಕಡಿದು ಹಲ್ಲೇ ಸೀಳುತ್ತದೆ. ಕಡಿಯಲು ಏನಾದರೂ ಕೊಡುವುದಾದರೆ ಮೊದಲು ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಗುರುತು ಬೀಳದಿದ್ದರೆ ಅದು ತೀರಾ ಗಟ್ಟಿ.

ಮರಿಗಳಿಗೆ 28 ಹಾಲುಹಲ್ಲು. ಆರೇಳು ತಿಂಗಳ ಹೊತ್ತಿಗೆ ಎಲ್ಲಾ ಬಿದ್ದು ಹೊಸದು ಬಂದಿರಬೇಕು. ಪಾಮೇರಿಯನ್‌ನಂಥ ಸಣ್ಣ ಜಾತಿಗಳಲ್ಲಿ ಹಳೇ ಕೋರೆಹಲ್ಲು ಬೀಳದೆ ಹೊಸದರ ಪಕ್ಕದಲ್ಲೇ ನಿಲ್ಲುವುದುಂಟು. ಜೋಡಿ ಕಂಡರೆ ಡಾಕ್ಟ್ರಿಗೆ ತೋರಿಸಿ, ತೆಗೆಸಬೇಕಾಗುತ್ತದೆ.

ಇದೆಲ್ಲಾ ಲಸಿಕೆ ಆಗಿರುವ ಸ್ವಂತ ನಾಯಿಗೆ ಮಾತ್ರ. ಜೊಲ್ಲು ಸುರಿಸುತ್ತಾ ನುಂಗಲು ಕಷ್ಟಪಡುವ ಬೀದಿ ನಾಯಿ ಕಂಡರೆ ಮೂಳೆ ಸಿಕ್ಕಿಕೊಂಡಿದೆ ಅಂತ ಬಾಯಿಗೆ ಕೈ ಹಾಕಬೇಡಿ, ಅದು ರೇಬೀಸ್ ಕೂಡ ಇರಬಹುದು.

ಒಸಡು ಕೆಂಪಾಗಿ ಊದಿದ್ದರೆ, ಒಂದೇ ಕಡೆ ಅಗಿಯುತ್ತಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ಉಜ್ಜುವುದು ನಿಲ್ಲಿಸಿ ಪಶು ಆಸ್ಪತ್ರೆಗೆ ಹೋಗಿ. ಕಟ್ಟಿದ ಕಲ್ಲನ್ನು ಮನೆಯಲ್ಲಿ ಚಾಕು, ಪಿನ್ನು ಹಿಡಿದು ಕೆರೆಯಬೇಡಿ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಒಸಡಿನ ಅಡಿಯವರೆಗೂ ತೆಗೆಯುತ್ತಾರೆ. ಒಸಡು ಮಾಯ್ದ ಮೇಲೆ ಮತ್ತೆ ಪಂಚೆ ಬಟ್ಟೆಯಿಂದಲೇ ಶುರು ಮಾಡಿ.