ಸ್ನೂಕರ್ ರೆಫರಿಯಾಗಿ ನನ್ನ ಅನುಭವ

ಬಳ್ಳಾರಿಯ ಒಂದು ಸಣ್ಣ ಸ್ನೂಕರ್ ಪಾರ್ಲರಿನಲ್ಲಿ ನಾನು ಈ ಆಟದ ಬಳಿಗೆ ಬಂದದ್ದು ಆಟಗಾರನಾಗಿ ಅಲ್ಲ, ಮಾರ್ಕರ್ ಆಗಿ. ಚೆಂಡು ಜೋಡಿಸುವುದು, ಮೇಜಿನ ಬಟ್ಟೆಗೆ ಬ್ರಷ್ ಹಾಕುವುದು, ಅಂಕ ಬರೆಯುವುದು ಮಾರ್ಕರನ ಕೆಲಸ. 12 ಅಡಿ ಉದ್ದದ ಆ ಮೇಜನ್ನು ದಿನವೂ ಸುತ್ತುತ್ತಿದ್ದವನಿಗೆ ಚೆಂಡುಗಳ ಜಾಗವನ್ನು ನೆನಪಿಡುವ ಅಭ್ಯಾಸ ತಾನಾಗಿಯೇ ಬಂತು. ಮುಂದೆ ರೆಫರಿಯಾಗಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಪಂದ್ಯಗಳಿಗೆ ಹೋಗತೊಡಗಿದಾಗ ಎಲ್ಲಕ್ಕಿಂತ ಹೆಚ್ಚು ಕೈಹಿಡಿದದ್ದು ಅದೇ.

ಕೆಂಪು ಚೆಂಡಿಗೆ 1 ಅಂಕ, ಕಪ್ಪಿಗೆ 7 ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಬಣ್ಣದ (ಕೆಂಪಲ್ಲದ) ಚೆಂಡನ್ನು ಮತ್ತೆ ಇಡಬೇಕಾದ ಸ್ಪಾಟಿನ, ಅಂದರೆ ಮೇಜಿನ ಮೇಲೆ ಅದಕ್ಕೆಂದು ಗುರುತಿಸಿದ ಜಾಗದ, ಮೇಲೆ ಬೇರೊಂದು ಚೆಂಡು ಇದ್ದರೆ, ಖಾಲಿ ಇರುವ ಸ್ಪಾಟುಗಳಲ್ಲಿ ಅತಿ ಹೆಚ್ಚು ಬೆಲೆಯದನ್ನು ಆರಿಸಬೇಕು. ಎಲ್ಲವೂ ತುಂಬಿದ್ದರೆ, ಆ ಚೆಂಡಿನ ಸ್ವಂತ ಸ್ಪಾಟಿಗೆ ಆದಷ್ಟು ಹತ್ತಿರವಾಗಿ, ಸ್ಪಾಟ್ ಮತ್ತು ಮೇಲಿನ ಕುಶನ್ (ಕಪ್ಪು ಚೆಂಡಿನ ಕಡೆಯ ರಬ್ಬರ್ ಅಂಚು) ನಡುವಿನ ನೇರ ರೇಖೆಯಲ್ಲಿ ಇಡಬೇಕು. ಇದನ್ನು ಓದಿದರೆ ಸಾಲದು, ಕೈಯಿಂದ ಮಾಡಿಯೇ ಕಲಿಯಬೇಕು.

ರೆಫರಿಯ ನಿಜವಾದ ಪರೀಕ್ಷೆ ಮಾತ್ರ ‘ಫೌಲ್ ಅಂಡ್ ಎ ಮಿಸ್’ ಎಂದು ಕೂಗಬೇಕಾದ ಕ್ಷಣದಲ್ಲಿದೆ. ಹೊಡೆಯಬೇಕಾದ ಚೆಂಡು ಬೇರೆ ಚೆಂಡಿನ ಮರೆಗೆ ಬಿದ್ದು ‘ಸ್ನೂಕರಾದ’ ಆಟಗಾರ, ಬಿಳಿ ಚೆಂಡಿನಿಂದ ಅದನ್ನು ಮುಟ್ಟಲಾಗದೆ ಹೋದರೆ ಅದು ಫೌಲ್. ಅವನು ತನ್ನ ಸಾಮರ್ಥ್ಯಕ್ಕೆ ತಕ್ಕಷ್ಟು ಯತ್ನಿಸಲಿಲ್ಲವೆಂದು ರೆಫರಿಗೆ ತೋರಿದರೆ ಮಾತ್ರ ಅದು ಮಿಸ್. ಆಗ ಎದುರಾಳಿ ಕೇಳಿದರೆ, ಕದಲಿದ ಚೆಂಡುಗಳನ್ನು ಮೊದಲಿದ್ದ ಜಾಗಕ್ಕೆ ತಂದಿಟ್ಟು ಅದೇ ಆಟಗಾರನಿಂದ ಮತ್ತೆ ಹೊಡೆಸಬೇಕಾಗುತ್ತದೆ. ಟಿ.ವಿ.ಯಲ್ಲಿ ಬರುವ ದೊಡ್ಡ ಪಂದ್ಯಗಳಲ್ಲಿ ಪರದೆಯ ಮೇಲಿನ ಚಿತ್ರ ನೋಡಿ ಚೆಂಡು ಸರಿಪಡಿಸುತ್ತಾರೆ. ನಮ್ಮ ಕಡೆಯ ಸಭಾಂಗಣಗಳಲ್ಲಿ ಇರುವುದು ರೆಫರಿಯ ಕಣ್ಣು ಮಾತ್ರ. ಆದ್ದರಿಂದ ಕಷ್ಟದ ಹೊಡೆತಕ್ಕೆ ಆಟಗಾರ ಬಾಗುವ ಮೊದಲೇ, ಬಿಳಿ ಚೆಂಡು ಕುಶನ್ನಿನಿಂದ ಎಷ್ಟು ದೂರವಿದೆ, ಯಾವ ಎರಡು ಚೆಂಡುಗಳ ಸಾಲಿಗೆ ಬರುತ್ತದೆ ಎಂಬುದನ್ನು ಎರಡು ದಿಕ್ಕಿನಿಂದ ನೋಡಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಚೆಂಡು ಇಡುವಾಗ ಇಬ್ಬರು ಆಟಗಾರರನ್ನೂ ಕೇಳಬೇಕು, ಕೊನೆಯ ತೀರ್ಮಾನ ರೆಫರಿಯದು. ನೇರವಾಗಿ ಪೂರ್ಣ ಚೆಂಡು ಕಾಣುತ್ತಿದ್ದರೂ ಸತತ ಎರಡು ಬಾರಿ ಮಿಸ್ ಆದರೆ ಆಟಗಾರನನ್ನು ಎಚ್ಚರಿಸಬೇಕು, ಏಕೆಂದರೆ ಮೂರನೆಯದಕ್ಕೆ ಅವನು ಫ್ರೇಮನ್ನೇ, ಅಂದರೆ ಪಂದ್ಯದ ಆ ಸುತ್ತನ್ನೇ, ಕಳೆದುಕೊಳ್ಳುತ್ತಾನೆ. ಆ ಎಚ್ಚರಿಕೆ ಕೊಡುವಾಗ ದನಿ ಏರಕೂಡದು, ತಡವರಿಸಲೂ ಕೂಡದು.

ನಿಲ್ಲುವ ಜಾಗವೂ ಒಂದು ವಿದ್ಯೆ. ಆಟಗಾರ ಗುರಿಯಿಡುವ ನೇರದಲ್ಲಿ ನಿಲ್ಲಬಾರದು, ನೆರಳು ಮೇಜಿನ ಮೇಲೆ ಬೀಳಬಾರದು, ಆದರೂ ಚೆಂಡಿಗೆ ಚೆಂಡು ತಾಗುವುದು ಸ್ಪಷ್ಟವಾಗಿ ಕಾಣಬೇಕು. ಬಳ್ಳಾರಿಯ ಏಪ್ರಿಲ್–ಮೇ ಸೆಕೆಯಲ್ಲಿ ಬಿಳಿ ಕೈಗವಸು ಬೇಗನೆ ಒದ್ದೆಯಾಗುತ್ತದೆ, ಒದ್ದೆ ಬೆರಳಿನ ಗುರುತು ಚೆಂಡಿನ ಮೇಲೆ ಉಳಿಯಬಾರದೆಂದು ನಾನು ಜೇಬಿನಲ್ಲಿ ಇನ್ನೊಂದು ಜೊತೆ ಇಟ್ಟುಕೊಳ್ಳುತ್ತೇನೆ.

ನೆದರ್ಲೆಂಡ್ಸಿನ ಯಾನ್ ವೆರ್ಹಾಸ್ 2003ರಲ್ಲಿ ಶೆಫೀಲ್ಡಿನ ವಿಶ್ವ ಚಾಂಪಿಯನ್‌ಶಿಪ್ ಫೈನಲನ್ನು ರೆಫರಿಯಾಗಿ ನಡೆಸಿದರು. ಬ್ರಿಟನ್ನಿನ ಹೊರಗಿನವರೊಬ್ಬರಿಗೆ ಆ ಅವಕಾಶ ಸಿಕ್ಕಿದ್ದು ಅದೇ ಮೊದಲು. ಆದರೆ ನಮ್ಮಲ್ಲಿ ರೆಫರಿ ಕೆಲಸವನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ, ಬೇರೊಂದು ದುಡಿಮೆ ಜೊತೆಗಿರಲೇಬೇಕು. ರೆಫರಿಯಾಗಬೇಕೆಂದು ಬರುವ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೂ ಉಳಿದವರಿಗೆ ಮಧ್ಯಾಹ್ನ ಮೇಜು ಖಾಲಿಯಿರುವ ಹೊತ್ತಿನಲ್ಲಿ, ಚೆಂಡುಗಳನ್ನು ಒಮ್ಮೆ ನೋಡಿ ಬೆನ್ನು ತಿರುಗಿಸಲು ಹೇಳಿ, ಮೂರನ್ನು ಕದಲಿಸಿ, ಮತ್ತೆ ಮೊದಲಿನಂತೆ ಇಡಿಸುತ್ತೇನೆ.